ಬ್ರೇಕ್ ದೀಪಕ್ಕೆ ಸಾಕ್ಷಿ

ನಮ್ಮ ಎದುರುಮನೆಯ ಚೆಕಿಂಗ್ ಸಾಹೇಬರು ಕಣ್ಣಾರೆ ಕಾಣದ ಯಾವುದನ್ನೂ ನಂಬುವವರಲ್ಲ. ಕಂಡದ್ದನ್ನಾದರೂ ನಂಬುತ್ತಾರೆಯೇ ಎಂದರೆ, ಅದನ್ನೂ ಇನ್ನೊಮ್ಮೆ ಕಂಡ ಮೇಲೆಯೇ. ಇದರಲ್ಲಿ ಅರ್ಧ ತಪ್ಪು ಅವರದು, ಉಳಿದರ್ಧ ಅವರ ನೌಕರಿಯದು. ಬಸ್ಸು ಹತ್ತಿ ಪ್ರಯಾಣಿಕರ ಟಿಕೆಟ್ ತಪಾಸಣೆ ಮಾಡುವುದು ಅವರ ಕೆಲಸ. ಈಗ ತಾನೇ ಕೈಯಲ್ಲಿತ್ತು, ಎಲ್ಲಿ ಬಿತ್ತೋ ಗೊತ್ತಿಲ್ಲ ಎನ್ನುವವರ ಮುಖವನ್ನೇ ದಿನವಿಡೀ ನೋಡಿ ನೋಡಿ, ಅವರ ಲೆಕ್ಕದಲ್ಲಿ ಮನುಷ್ಯಕುಲವೆಂದರೆ ಟಿಕೆಟ್ ತೆಗೆದುಕೊಳ್ಳದೆ ಕೂತಿರುವ ಒಂದು ದೊಡ್ಡ ಗುಂಪು. ಮನೆಗೆ ಬಂದರೂ ಈ ತಪಾಸಣೆ ನಿಲ್ಲುವುದಿಲ್ಲ. ಹೆಂಡತಿ ಗ್ಯಾಸ್ ಆರಿಸಿದೆ ಎಂದರೆ ಎದ್ದು ಹೋಗಿ ನೋಡುತ್ತಾರೆ. ಗೋಡೆ ಗಡಿಯಾರ ತೋರಿಸಿದ ಹೊತ್ತನ್ನು ಕೈಗಡಿಯಾರದಲ್ಲಿ ನೋಡುತ್ತಾರೆ. ಎರಡೂ ಒಂದೇ ಹೊತ್ತು ತೋರಿಸಿದರೆ, ಇವೆರಡೂ ಮೊದಲೇ ಮಾತಾಡಿಕೊಂಡಿವೆಯೋ ಏನೋ ಎಂಬಂತೆ ಹುಬ್ಬು ಗಂಟು ಹಾಕುತ್ತಾರೆ.

ಅವರ ಹೆಂಡತಿಗೆ ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಎಷ್ಟೋ ವರ್ಷಗಳಿಂದ ಮನೆಯ ನಡುಕೋಣೆಯಲ್ಲೇ ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದ ಆಕೆ, ಕೊನೆಗೂ ಬಜಾರಿನ ಬಸ್ ಸ್ಟಾಪಿನ ಎದುರು ಒಂದು ಪುಟ್ಟ ಅಂಗಡಿ ಹಿಡಿದಿದ್ದರು. ಅಲ್ಲೇ ಹತ್ತಿರದ ಶಾಲೆಯೊಂದರ ಸಮವಸ್ತ್ರ ಹೊಲಿಯುವ ಕೆಲಸ ಸಿಗುವುದರಲ್ಲಿತ್ತು. ಆದರೆ ಆ ಶಾಲೆಯ ಹೆಡ್‌ಮಿಸ್ಟ್ರೆಸ್ ಕೂಡ ಸುಲಭಕ್ಕೆ ಒಪ್ಪುವ ಹೆಂಗಸಲ್ಲ. ಅಂಗಡಿ ಇದೆ ಅಂತ ಹೇಳೋರು ಬಹಳ ಜನ ಬರ್ತಾರೆ, ನಾನೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು ನೋಡ್ತೀನಿ, ಅಲ್ಲಿ ಮೆಷಿನ್ ಓಡ್ತಾ ಇದ್ದರೆ ಬಟ್ಟೆ ಕೊಡ್ತೀನಿ, ಇಲ್ಲದಿದ್ದರೆ ರೆಡಿಮೇಡ್‌ನವರಿಗೆ ಹೇಳಿಬಿಡ್ತೀನಿ ಎಂದು ಖಡಾಖಂಡಿತವಾಗಿ ಹೇಳಿದ್ದರಂತೆ. ಅಂದರೆ ಅವತ್ತು ಮಧ್ಯಾಹ್ನದೊಳಗೆ ಎರಡು ಮೆಷಿನ್ನು, ಒಂದು ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ದಾರದ ಉಂಡೆಗಳ ಚೀಲ, ಇಷ್ಟೂ ಬಜಾರು ಸೇರಬೇಕು.

ಬೇರೆಯವರಾಗಿದ್ದರೆ ಬಾಡಿಗೆಗೆ ಒಂದು ಗಾಡಿ ಕರೆದು ಕೈತೊಳೆದುಕೊಳ್ಳುತ್ತಿದ್ದರು. ಸಾಹೇಬರು ಒಪ್ಪಲಿಲ್ಲ. ಬಾಡಿಗೆ ಗಾಡಿಯವರು ದಾರಿಯಲ್ಲಿ ಮೆಷಿನ್ನಿನ ಒಳಗಿನ ಸಾಮಾನು ಬದಲಿಸುತ್ತಾರೆ ಎಂಬುದು ಅವರ ಗಟ್ಟಿ ಅಭಿಪ್ರಾಯ. ನಾನು ತಡೆಯಲಾರದೆ, ಓಡುವ ಗಾಡಿಯಲ್ಲಿ ಹೇಗೆ ಬದಲಿಸುತ್ತಾರೆ ಎಂದು ಕೇಳಿದೆ. ಅದು ಗೊತ್ತಾಗದ ಹಾಗೆ ಮಾಡುವುದೇ ಅವರ ಕೈಚಳಕ ಎಂದರು. ಟೈಲರಮ್ಮನ ತಮ್ಮ ಗಿಡಗಳ ನರ್ಸರಿ ಇಟ್ಟವನು. ಕುಂಡ ಸಾಗಿಸಲು ಅವನ ಹತ್ತಿರ ಎರಡು ಚಕ್ರದ ಒಂದು ಟ್ರೇಲರ್ ಉಂಟು. ತಾನೇ ತನ್ನ ಜೀಪಿಗೆ ಕಟ್ಟಿ ಎಲ್ಲವನ್ನೂ ಮುಟ್ಟಿಸುತ್ತೇನೆ ಎಂದು ಅವನು ಬಂದ. ಅದಕ್ಕೂ ಸಾಹೇಬರು ಬೇಡ ಎಂದರು. ಇವತ್ತು ಮೆಷಿನ್ ಹೊತ್ತವನು ನಾಳೆ ತಲೆಯ ಮೇಲೆ ಕೂರುತ್ತಾನೆ ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ಭಾವಮೈದುನನ ಟ್ರೇಲರ್ ಮಾತ್ರ ಇಟ್ಟುಕೊಂಡು ಅವನ ಜೀಪನ್ನು ವಾಪಸು ಕಳಿಸಿದರು. ಅವನು ಜೀಪನ್ನು ಮನೆಯಲ್ಲಿ ಬಿಟ್ಟು, ಅಕ್ಕನಿಗಾಗಿ ತಿರುಗಿ ಬಂದ.

ಸಾಹೇಬರ ಕಾರಿಗೆ ಹಿಂದೆ ಎಳೆಯುವ ಕೊಕ್ಕೆ ಇತ್ತು. ಅದು ಮೊದಲಿನ ಮಾಲೀಕರು ಹಾಕಿಸಿದ್ದು; ಅವರು ಏನನ್ನು ಎಳೆದಿರಬಹುದು ಎಂಬ ಚಿಂತೆ ಸಾಹೇಬರನ್ನು ಇನ್ನೂ ಬಿಟ್ಟಿಲ್ಲ. ಕೊಕ್ಕೆ ಇದ್ದರೂ ಟ್ರೇಲರಿನ ದೀಪಗಳಿಗೆ ವೈರಿಂಗ್ ಇರಲಿಲ್ಲ. ಕಾರಿನಲ್ಲಿ ಬ್ರೇಕ್ ಒತ್ತಿದರೆ ಟ್ರೇಲರಿನ ಹಿಂದೆಯೂ ಕೆಂಪು ದೀಪ ಉರಿಯಬೇಕು, ಎಡಕ್ಕೆ ಸಿಗ್ನಲ್ ಹಾಕಿದರೆ ಅಲ್ಲೂ ಎಡದ್ದು ಮಿಣುಕಬೇಕು. ಇಲ್ಲದಿದ್ದರೆ ರಸ್ತೆಗೆ ಇಳಿಸುವ ಹಾಗಿಲ್ಲ. ಮೆಕ್ಯಾನಿಕ್ ಹತ್ತಿರ ಹೋದರೆ ಅವನು ಒಳ್ಳೇ ಬ್ಯಾಟರಿ ತೆಗೆದು ಹಳೇದು ಕೂರಿಸುತ್ತಾನೆಂದು, ಸಾಹೇಬರು ಅಂಗಡಿಯಿಂದ ವೈರಿಂಗಿನ ಪೆಟ್ಟಿಗೆಯೊಂದನ್ನು ತಂದು, ಬೆಳಿಗ್ಗೆ ಬನಿಯನ್ ಮೇಲೆಯೇ ಡಿಕ್ಕಿಯೊಳಗೆ ತಲೆ ಹಾಕಿದರು.

ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ತಂತಿಗಳ ಒಂದು ಜಡೆ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಟ್ರೇಲರಿನ ಪ್ಲಗ್ಗು ಸಿಕ್ಕಿಸಲು ಒಂದು ಸಾಕೆಟ್ಟು, ಜೊತೆಗೆ ಹೇಗೆ ಜೋಡಿಸಬೇಕೆಂದು ತೋರಿಸುವ ಚಿತ್ರದ ಕಾಗದ ಇದ್ದವು. ನಿಜ ಹೇಳಬೇಕೆಂದರೆ ಕೆಲಸ ಸುಲಭದ್ದೇ. ಡಿಕ್ಕಿಯ ಒಳಹೊದಿಕೆ ಸರಿಸಿ, ಹಿಂದಿನ ದೀಪಗಳ ಪ್ಲಗ್ಗು ಎಳೆದು, ನಡುವೆ ಈ ಜಡೆಯನ್ನು ಸೇರಿಸಿ, ಕೆಂಪು ತಂತಿಯನ್ನು ಬ್ಯಾಟರಿಗೆ ಮುಟ್ಟಿಸಿದರೆ ಮುಗಿಯಿತು. ಇಷ್ಟನ್ನೂ ಸಾಹೇಬರು ಅಚ್ಚುಕಟ್ಟಾಗಿ ಮಾಡಿದರು, ಅದನ್ನು ಒಪ್ಪಲೇಬೇಕು. ಉಳಿದದ್ದು ಒಂದು ಬಿಳಿ ತಂತಿ. ಅದರ ತುದಿಯಲ್ಲಿ ಪ್ಲಗ್ಗಿಲ್ಲ, ಬರೀ ಒಂದು ಉಂಗುರ. ಅದನ್ನು ಕಾರಿನ ಕಬ್ಬಿಣದ ಮೈಗೆ ಸ್ಕ್ರೂ ಹಾಕಿ ಬಿಗಿಯಬೇಕೆಂದು ಚಿತ್ರದಲ್ಲಿತ್ತು. ಸಾಹೇಬರು ಆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು, ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ನಟಿಸುವವನನ್ನು ನೋಡುವಂತೆ ನೋಡಿದರು.

"ಎಲ್ಲಾ ತಂತಿಗೂ ಒಂದೊಂದು ದೀಪ ಇದೆ. ಇದಕ್ಕೆ ಮಾತ್ರ ಇಲ್ಲ," ಎಂದರು. "ಎಲ್ಲಿಗೂ ಹೋಗಲ್ಲ. ಸುಮ್ಮನೆ ಕಾರಿನ ಮೈಗೆ ಅಂಟ್ಕೊಂಡು ಕೂತು ಕರೆಂಟ್ ಹೀರುತ್ತೆ. ಬ್ಯಾಟರಿ ಮಲಗಿದ ಮೇಲೆ ಹೊಸದು ಮಾರೋಕೆ ಅವರೇ ಬರ್ತಾರೆ."

"ಚಿತ್ರದಲ್ಲಿ ಬಿಗೀಬೇಕು ಅಂತ ತೋರಿಸಿದ್ದಾರಲ್ಲ ರೀ," ಎಂದು ಟೈಲರಮ್ಮ ಕಾಗದ ಚಾಚಿದರು.

"ಚಿತ್ರ ಬರೆದೋರು ಯಾರು? ಮಾರಿದೋರೇ ತಾನೇ?"

ಹೀಗೆ ಟಿಕೆಟ್ ಇಲ್ಲದ ಆ ಬಿಳಿ ತಂತಿಯನ್ನು ಅವರು ದಾರಿಮಧ್ಯೆ ಇಳಿಸಿದರು. ತುದಿಗೆ ಕಪ್ಪು ಟೇಪು ಸುತ್ತಿ ಡಿಕ್ಕಿಯ ಮೂಲೆಗೆ ತಳ್ಳಿದರು. ಅಕ್ಕ-ತಮ್ಮ ಇಬ್ಬರೂ ಸೇರಿ ಮೆಷಿನ್ನುಗಳನ್ನು ಟ್ರೇಲರಿಗೆ ಏರಿಸಿ ಹಗ್ಗ ಕಟ್ಟಿದ್ದರು. ಇನ್ನು ದೀಪ ಪರೀಕ್ಷೆ ಒಂದು ಆದರೆ ಹೊರಡುವುದೇ.

ಇಲ್ಲಿಂದ ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬ್ರೇಕ್ ದೀಪದ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಅದನ್ನು ಉರಿಸುವವನು ಕಾರಿನ ಮುಂದೆ ಕೂತಿರಬೇಕು, ನೋಡುವವನು ಹಿಂದೆ ನಿಂತಿರಬೇಕು. ಒಬ್ಬನೇ ಮನುಷ್ಯ ಎರಡನ್ನೂ ಮಾಡಲಾರ. ಪ್ರಪಂಚದಲ್ಲಿ ಎಲ್ಲರೂ ಈ ವಿಷಯದಲ್ಲಿ ಇನ್ನೊಬ್ಬರ ಮಾತು ನಂಬಿಯೇ ಬದುಕಿದ್ದಾರೆ. ಸಾಹೇಬರಿಗೆ ಮಾತ್ರ ಈ ವ್ಯವಸ್ಥೆಯಲ್ಲೇ ಏನೋ ಹುಳುಕು ಕಂಡಿತು.

ಅವರು ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ, ಉರಿಯಿತಾ ಎಂದು ಕೂಗಿದರು. ಹಿಂದೆ ನಿಂತಿದ್ದ ಟೈಲರಮ್ಮ, ಉರಿಯಿತು, ಸ್ವಲ್ಪ ಮಂಕಾಗಿದೆ ಎಂದರು. ಸಾಹೇಬರು ಧಡಕ್ಕನೆ ಇಳಿದು ಹಿಂದಕ್ಕೆ ಓಡಿ ಬಂದು ನೋಡಿದರೆ ದೀಪ ಆರಿತ್ತು.

"ಎಲ್ಲಿ ಉರೀತಿದೆ?"

"ನೀವು ಕಾಲು ತೆಗೆದ್ರಲ್ಲ."

"ಅಷ್ಟು ನನಗೂ ಗೊತ್ತು," ಎಂದು ಸಾಹೇಬರು ಹೇಳಿದರು. ಹೇಳಿದ ರೀತಿಯಿಂದ ಗೊತ್ತಿರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮತ್ತೆ ಹೋಗಿ ಒತ್ತಿದರು. ಈ ಸಲ ಟೈಲರಮ್ಮ, ಈಗ ಬಲಗಡೆಯದು ಮಾತ್ರ ಉರಿಯುತ್ತಿದೆ ಎಂದರು. ಹೇಳಿಕೆ ಬದಲಾಯಿಸಿದ ಪ್ರಯಾಣಿಕರನ್ನು ಸಾಹೇಬರು ತಮ್ಮ ನೌಕರಿಯಲ್ಲಿ ಎಷ್ಟೋ ಕಂಡಿದ್ದರು. ಮನೆಯವರ ಮಾತು ಮನೆಯ ವಿಷಯಕ್ಕಷ್ಟೇ, ಇದಕ್ಕೆ ಹೊರಗಿನ ಸಾಕ್ಷಿ ಬೇಕು ಎಂದು ತೀರ್ಮಾನಿಸಿ, ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರನ್ನೂ ನನ್ನನ್ನೂ ಕರೆದರು.

ನಾನು ಕನ್ನಡಕದ ಅಂಗಡಿಯವನು. ಊರಿನವರ ಕಣ್ಣು ಪರೀಕ್ಷಿಸಿ ಹೊಟ್ಟೆ ಹೊರೆಯುವವನು. ಕೆಂಪು ದೀಪ ಉರಿಯುತ್ತಿದೆಯೇ ಇಲ್ಲವೇ ಎಂದು ಹೇಳುವುದು ನನಗೆ ಕಷ್ಟವಾಗಬಾರದು ಎಂದುಕೊಂಡು ಧಾರಾಳವಾಗಿ ಹೋದೆ. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದರು. ಸಾಹೇಬರು ನಮ್ಮಿಬ್ಬರನ್ನೂ ಟ್ರೇಲರಿನ ಹಿಂದೆ ದೂರ ದೂರ ನಿಲ್ಲಿಸಿ, ನಾವು ಪರಸ್ಪರ ಮಾತಾಡಕೂಡದು, ಕಣ್ಸನ್ನೆಯೂ ಕೂಡದು ಎಂದು ತಾಕೀತು ಮಾಡಿದರು. ಬ್ರೇಕ್ ಒತ್ತಿ ಬಂದು ಮೊದಲು ಮ್ಯಾನೇಜರ ಕಿವಿಯಲ್ಲಿ ಕೇಳಿದರು, ಆಮೇಲೆ ನನ್ನ ಕಿವಿಯಲ್ಲಿ. ಎಡದ್ದು ಉರಿಯಿತು ಎಂದು ಮ್ಯಾನೇಜರು ಹೇಳಿದರಂತೆ. ನಾನು, ಎರಡೂ ಉರಿದವು, ಆಮೇಲೆ ಒಂದು ಆರಿತು ಎಂದೆ. ಇಬ್ಬರೂ ಹೇಳಿದ್ದು ನಿಜ. ಕಾಲಿಟ್ಟಾಗಲೆಲ್ಲ ಆ ದೀಪಗಳು ಬೇರೆ ಬೇರೆ ವೇಷ ಹಾಕುತ್ತಿದ್ದವು. ನಾವು ಕಣ್ಣು ಮಿಟುಕಿಸುವ ಹೊತ್ತಿಗೆ ಒಂದು ಮಂಕಾಗಿ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಆದರೆ ಅದನ್ನು ಹೇಳಲು ನಮಗೆ ಅವಕಾಶ ಸಿಗಲಿಲ್ಲ.

"ಒಂದೇ ದೀಪ, ಎರಡು ಸಾಕ್ಷಿ, ಎರಡು ಹೇಳಿಕೆ," ಎಂದು ಸಾಹೇಬರು ಬೀದಿಗೇ ಕೇಳುವಂತೆ ಹೇಳಿದರು. "ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಾ ಇದ್ದೀರಿ. ಯಾರು ಅಂತ ನೀವೇ ಒಪ್ಕೊಂಡ್ರೆ ಒಳ್ಳೇದು."

ಮ್ಯಾನೇಜರ ಮುಖ ಕೆಂಪಾಯಿತು. ತಮ್ಮ ಒಂದು ಸಹಿ ನೋಡಿ ಬ್ಯಾಂಕು ಲಾಕರ್ ತೆಗೆಯುತ್ತಿತ್ತು, ಇವತ್ತು ಒಂದು ಬಲ್ಬಿನ ವಿಷಯದಲ್ಲಿ ಸುಳ್ಳುಗಾರ ಅನ್ನಿಸಿಕೊಳ್ಳುವ ಹಾಗಾಯಿತೇ ಎಂದರು. ಹಾಗಿದ್ದರೆ ಸುಳ್ಳು ಹೇಳಿದವರು ಕನ್ನಡಕದವರೇ ಇರಬೇಕು ಎಂದೂ ಸೇರಿಸಿದರು. ಆ ಮಾತು ನನ್ನನ್ನು ಚುಚ್ಚಿತು. ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬರು, ಕನ್ನಡಕದ ಅಂಗಡಿಯವರಿಗೇ ಕಣ್ಣು ಸರಿಯಿಲ್ಲವಂತೆ ಎಂದು ಒಳಗೆ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರು ಹೋದ ವಾರವಷ್ಟೇ ನನ್ನಲ್ಲಿ ಕನ್ನಡಕ ಮಾಡಿಸಿದ್ದರು. ಮೂಗಿನ ಮೇಲಿದ್ದ ಅದನ್ನು ತೆಗೆದು ಬಿಸಿಲಿಗೆ ಹಿಡಿದು ನೋಡತೊಡಗಿದರು.

ಇನ್ನು ತಾವೇ ನೋಡದೆ ವಿಧಿಯಿಲ್ಲ ಎಂದು ಸಾಹೇಬರು ಟ್ರೇಲರಿನಿಂದ ಇಸ್ತ್ರಿ ಪೆಟ್ಟಿಗೆ ಇಳಿಸಿದರು. ಅದು ಟೈಲರಮ್ಮನ ಹಳೇ ಕಬ್ಬಿಣದ್ದು, ಎತ್ತಲು ಎರಡು ಕೈ ಬೇಕು. ಅದನ್ನು ಬ್ರೇಕ್ ಪೆಡಲಿನ ಮೇಲೆ ಕೂರಿಸಿ ಹಿಂದಕ್ಕೆ ಓಡಿದರು. ಅವರು ಹಿಂದಿನ ಚಕ್ರದವರೆಗೆ ಬರುವಷ್ಟರಲ್ಲಿ ಪೆಟ್ಟಿಗೆ ಜಾರಿ ದೊಪ್ಪೆಂದು ಬಿತ್ತು. ಮತ್ತೆ ಕೂರಿಸಿದರು, ಮತ್ತೆ ಓಡಿದರು, ಮತ್ತೆ ಬಿತ್ತು. ನಾವು ಹಿಂದೆ ನಿಂತು ಉರಿಯುತ್ತಿದೆ, ಉರಿಯುತ್ತಿದೆ ಎನ್ನುತ್ತಿದ್ದೆವು. ಅವರು ಬಂದ ಕೂಡಲೇ ಆರುತ್ತಿತ್ತು. ಅವರ ಅನುಮಾನ ಈಗ ಪೂರ್ತಿ ಬಲಿಯಿತು. ನಾನು ಬರುವ ತನಕ ಉರಿಯುವುದಂತೆ, ನಾನು ಬಂದರೆ ಆರುವುದಂತೆ, ಇದು ಕೇಳುವ ಮಾತೇ ಎಂದು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಫೋನಿನಲ್ಲಿ ವಿಡಿಯೊ ತೆಗೆಯುತ್ತೇನೆ ಭಾವ ಎಂದು ಭಾವಮೈದುನ ಹೇಳಿದ. ಈಗಿನ ಕಾಲದಲ್ಲಿ ವಿಡಿಯೊದಲ್ಲಿ ಕತ್ತೆಯನ್ನೂ ಹಾರಿಸುತ್ತಾರೆ ಎಂದು ಸಾಹೇಬರು ಅವನ ಫೋನನ್ನು ಜೇಬಿಗೆ ಹಾಕಿಸಿದರು.

ಕೊನೆಗೆ ಅವರಿಗೆ ಸಿಗ್ನಲ್ ದೀಪದ ನೆನಪಾಯಿತು. ಅದಕ್ಕೆ ಕಾಲು ಬೇಡ. ಒಮ್ಮೆ ಹಾಕಿದರೆ ತಾನೇ ಮಿಣುಕುತ್ತಿರುತ್ತದೆ. ಎಡದ ಸಿಗ್ನಲ್ ಹಾಕಿ ನಿಧಾನವಾಗಿ, ಗೆದ್ದವರ ನಡಿಗೆಯಲ್ಲಿ ಹಿಂದೆ ಬಂದರು. ಟ್ರೇಲರಿನಲ್ಲಿ ಎಡದ್ದೂ ಬಲದ್ದೂ ಒಟ್ಟಿಗೆ, ಜೀವ ಹೋಗುವ ಹಾಗೆ ಮಿಣುಕುತ್ತಿದ್ದವು. ಇದನ್ನು ಅವರು ಕಣ್ಣಾರೆ ಕಂಡರು. ನಾವೆಲ್ಲ ಇನ್ನು ನಮ್ಮ ಮಾನ ಉಳಿಯಿತು ಎಂದುಕೊಂಡೆವು. ಆದರೆ ಸಾಹೇಬರು ಮೆಲ್ಲಗೆ ಭಾವಮೈದುನನ ಕಡೆ ತಿರುಗಿದರು.

"ಟ್ರೇಲರ್ ಯಾರದು?"

"ನಂದೇ ಭಾವ."

"ಬೆಳಿಗ್ಗೆ ಇದನ್ನ ಇಲ್ಲಿಗೆ ತಂದೋರು ಯಾರು?"

"ನಾನೇ ತಂದೆ."

"ನನ್ನ ಕಾರಲ್ಲಿ ಒಂದು ಉರಿಯುತ್ತೆ, ನಿನ್ನ ಟ್ರೇಲರಲ್ಲಿ ಎರಡು ಉರಿಯುತ್ತೆ. ಇನ್ನು ನಾನು ಏನೂ ಹೇಳಲ್ಲ."

ಜೀಪು ಬೇಡವೆಂದ ಸಿಟ್ಟಿಗೆ ಭಾವಮೈದುನ ಟ್ರೇಲರಿನ ಒಳಗೇ ಏನೋ ಕೈವಾಡ ಮಾಡಿ ತಂದಿದ್ದಾನೆ ಎಂಬುದು ಅವರ ತನಿಖೆಯ ಫಲ. ಅವನು ಒಳ್ಳೆಯವನು, ಮಾತಿಗೆ ಮಾತು ಬೆಳೆಸದೆ ಹಗ್ಗದ ಗಂಟು ಬಿಗಿಯುತ್ತಾ ನಿಂತ. ಆದರೆ ಮ್ಯಾನೇಜರು ಅವನ ಪರ ನಿಂತರು, ಬಟ್ಟೆ ಒಣಗಿಸುವ ಹೆಂಗಸು ಗೇಟಿನಾಚೆಗೇ ಬಂದರು, ದಾರಿಹೋಕರು ಸೈಕಲ್ ನಿಲ್ಲಿಸಿದರು. ಟೈಲರಮ್ಮ ಬಿಸಿಲು ಏರುವುದನ್ನು ನೋಡುತ್ತಾ, ಸೆರಗಿನಿಂದ ಮೆಷಿನ್ನಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಾ ನಿಂತಿದ್ದರು.

ಬೀದಿಯಲ್ಲಿ ಜನ ಸೇರಿದ್ದು ಕಂಡು ಟ್ರಾಫಿಕ್ ಪೊಲೀಸರೊಬ್ಬರು ಬೈಕು ನಿಲ್ಲಿಸಿದರು. ಅವರದೂ ಅನುಮಾನದ್ದೇ ನೌಕರಿ. ಮೈಯೆಲ್ಲ ಗ್ರೀಸ್ ಬಳಿದುಕೊಂಡ ಮನುಷ್ಯ, ಆತುರಾತುರವಾಗಿ ಕಟ್ಟಿದ ಸಾಮಾನು, ಅಳುವ ಹಾಗಿರುವ ಹೆಂಗಸು, ಇಷ್ಟನ್ನೂ ಒಟ್ಟು ಹಾಕಿ ಅವರು ತಮ್ಮದೇ ಲೆಕ್ಕಕ್ಕೆ ಬಂದರು. ಈ ಮೆಷಿನ್ ಯಾರದು, ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ, ಯಾಕೆ ಎಲ್ಲರೂ ಕೂಗಾಡುತ್ತಿದ್ದೀರಿ ಎಂದು ಕೇಳಿದರು. ಸಾಹೇಬರು ಅದಕ್ಕೆ ಉತ್ತರ ಕೊಡುವ ಬದಲು, ನೀವು ನಿಜವಾದ ಪೊಲೀಸರು ಎಂದು ನಾನು ಹೇಗೆ ನಂಬಲಿ ಎಂದು ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು. ನನಗಂತೂ ಎರಡು ಕನ್ನಡಿ ಎದುರು ಬದುರಾಗಿ ಇಟ್ಟ ಹಾಗೆ ಕಂಡಿತು.

ಭಾವಮೈದುನ ನಡುವೆ ಬಂದು ವಿಷಯ ವಿವರಿಸಿದ. ಪೊಲೀಸರಿಗೆ ನಗು ಬರಲಿಲ್ಲ. ತಾವೇ ಹಿಂದೆ ನಿಂತು ದೀಪ ಹಾಕಿಸಿ ನೋಡಿದರು. ಬ್ರೇಕ್ ಒತ್ತಿದರೆ ಸಿಗ್ನಲ್ ಉರಿಯುತ್ತದೆ, ಸಿಗ್ನಲ್ ಹಾಕಿದರೆ ಎಲ್ಲ ಉರಿಯುತ್ತದೆ, ಇಂಥ ಗಾಡಿ ರಸ್ತೆಗೆ ಬಂದರೆ ಹಿಂದೆ ಬರುವವನು ಎಲ್ಲಿಗೆ ಹೋಗಬೇಕು ಎಂದು ಬೈದರು. ದೀಪ ಸರಿಯಾಗುವ ತನಕ ಒಂದು ಅಡಿ ಕದಲಿಸಿದರೂ ಗಾಡಿ ಎಳೆದುಕೊಂಡು ಹೋಗುತ್ತೇನೆ ಎಂದು ಹೇಳಿ, ಅಲ್ಲೇ ನಮ್ಮ ಗೇಟಿನ ನೆರಳಿನಲ್ಲಿ ಹೆಲ್ಮೆಟ್ ತೆಗೆದು ಕೂತರು.

ಸಾಹೇಬರು ಭಾವಮೈದುನನ ಟ್ರೇಲರಿನ ಬಲ್ಬುಗಳನ್ನು ಒಂದೊಂದಾಗಿ ಬಿಚ್ಚಿ ಮೂಸಿ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಟೈಲರಮ್ಮ ಮೆಷಿನ್ನಿನ ಡ್ರಾಯರಿನಿಂದ ತಮ್ಮ ಪುಟ್ಟ ಸ್ಕ್ರೂಡ್ರೈವರ್ ತೆಗೆದುಕೊಂಡು ಡಿಕ್ಕಿಯೊಳಗೆ ಬಗ್ಗಿದರು. ಬಿಳಿ ತಂತಿಯ ಟೇಪು ಸುಲಿದರು. ಡಿಕ್ಕಿಯ ಬದಿಯಲ್ಲಿದ್ದ ಒಂದು ಸ್ಕ್ರೂ ಸಡಿಲಿಸಿ, ಅದರ ಸುತ್ತಲಿನ ಬಣ್ಣವನ್ನು ಕತ್ತರಿಯ ಮೊನೆಯಿಂದ ಕೆರೆದು, ಉಂಗುರವನ್ನು ಅದರಡಿ ಸೇರಿಸಿ ಬಿಗಿದರು. ದೀಪಗಳಿಗೆ ಹೋದ ಕರೆಂಟು ಸರಿಯಾಗಿ ತಿರುಗಿ ಬರಬೇಕಾದ ದಾರಿ ಆ ತಂತಿಯೇ ಎಂದು ನನಗೆ ಆಮೇಲೆ ಗೊತ್ತಾಯಿತು. ನಾನು ನೋಡುತ್ತಿದ್ದುದನ್ನು ಕಂಡು, "ನೇತಾಡೋದು ಏನಾದ್ರೂ ಕಣ್ಣಿಗೆ ಬಿದ್ರೆ ನನಗೆ ಕೈ ಸುಮ್ಮನಿರಲ್ಲ," ಎಂದು ಮೆಲ್ಲಗೆ ಹೇಳಿದರು.

ಬಲ್ಬುಗಳು ತಿರುಗಿ ತಮ್ಮ ಜಾಗ ಸೇರಿದ ಮೇಲೆ ಪೊಲೀಸರು ಮತ್ತೆ ಎದ್ದು ಬಂದರು. ಸಾಹೇಬರು ಬ್ರೇಕ್ ಒತ್ತಿದರು. ಎರಡೂ ಕೆಂಪು ದೀಪ ಜಗ್ಗನೆ ಹೊತ್ತಿಕೊಂಡವು. ಎಡ ಎಂದರೆ ಎಡದ್ದೇ ಮಿಣುಕಿತು, ಬಲ ಎಂದರೆ ಬಲದ್ದೇ. ಮ್ಯಾನೇಜರು, ನಾನು, ಬಟ್ಟೆ ಒಣಗಿಸುವ ಹೆಂಗಸು, ಸೈಕಲ್ಲಿನವರು, ಎಲ್ಲರೂ ಒಂದೇ ಮಾತು ಹೇಳಿದೆವು. ಪೊಲೀಸರೂ ಸರಿಯಾಗಿದೆ, ಹೊರಡಿ ಎಂದರು.

ಇಷ್ಟು ಜನ ಒಂದೇ ಮಾತು ಹೇಳಿದ್ದೇ ತಪ್ಪಾಯಿತು. ಸಾಹೇಬರು ಸೀಟಿನಿಂದ ಇಳಿದು ಬಂದರು. ಬೆಳಿಗ್ಗೆಯಿಂದ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದವರು ಈಗ ಎಲ್ಲ ಹೇಗೆ ಒಂದಾದಿರಿ ಎಂದು ಕೇಳಿದರು. ಪೊಲೀಸರು ಕೂತಿದ್ದ ಜಾಗದಲ್ಲಿ ನೆಲದ ಮೇಲಿದ್ದ ಕಾಫಿ ಲೋಟ ಅವರ ಕಣ್ಣಿಗೆ ಬಿತ್ತು. ಅದು ಸಾಹೇಬರ ಮನೆಯದೇ ಲೋಟ.

"ಕಾಫಿ ಯಾರು ಕೊಟ್ಟಿದ್ದು?" ಎಂದು ಹೆಂಡತಿಯನ್ನು ಕೇಳಿದರು.

ಟೈಲರಮ್ಮ ಕೈ ಚಾಚಿ ಗಂಡನ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡರು. "ನೀವು ಹಿಂದೆ ಹೋಗಿ ನಿಂತ್ಕೊಳ್ಳಿ. ನಾನು ಒತ್ತುತ್ತೀನಿ. ನೀವೇ ನಿಮ್ಮ ಕಣ್ಣಾರೆ ನೋಡಿ," ಎಂದು ಹೇಳಿ ಸೀಟಿನಲ್ಲಿ ಕೂತರು. ಆಕೆಗೆ ಕಾರು ಓಡಿಸಲು ಬರುತ್ತದೆ, ಲೈಸೆನ್ಸೂ ಇದೆ. ಪರೀಕ್ಷೆಯ ದಿನ ತಾವು ಅಲ್ಲಿರಲಿಲ್ಲ, ಹೇಗೆ ಪಾಸಾದಳೋ ಗೊತ್ತಿಲ್ಲ ಎಂದು ಸಾಹೇಬರು ಇದುವರೆಗೆ ಕೀಲಿ ಕೊಟ್ಟಿರಲಿಲ್ಲ, ಅಷ್ಟೇ. ಭಾವಮೈದುನ ತೆಪ್ಪಗೆ ಆಚೆಬದಿಯ ಸೀಟಿಗೆ ಹತ್ತಿದ. ಇಂಜಿನ್ ಶುರುವಾಯಿತು.

ಸಾಹೇಬರು ಟ್ರೇಲರಿನ ಹಿಂದೆ ಹೋಗಿ ನಿಂತು ಸೊಂಟದ ಮೇಲೆ ಕೈಯಿಟ್ಟರು. ಎರಡು ದೀಪವೂ ಉರಿದವು. ಕೆಂಪು ಬೆಳಕು ಅವರ ಬನಿಯನ್ ಮೇಲೆಯೂ ಬಿತ್ತು. ಇದಕ್ಕಿಂತ ಹೆಚ್ಚಿನ ರುಜುವಾತು ದೇವರೂ ಕೊಡಲಾರ. ನಾವೆಲ್ಲ ಅವರ ಮುಖ ನೋಡಿದೆವು. ಆ ಮುಖದಲ್ಲಿ ಒಂದು ನೆಮ್ಮದಿ ಮೂಡಿತು, ಅರ್ಧಕ್ಕೆ ನಿಂತಿತು, ಮತ್ತೆ ಹುಬ್ಬು ಗಂಟಾಯಿತು. ದೀಪ ಉರಿಯುವುದು ಕಾಣುತ್ತಿದೆ, ನಿಜ. ಆದರೆ ಒಳಗೆ ಅವಳ ಕಾಲು ಬ್ರೇಕಿನ ಮೇಲಿದೆ ಎಂದು ಗ್ಯಾರಂಟಿ ಏನು?

"ಕಾಲು ಇಟ್ಟಿದ್ದೀಯಾ?" ಎಂದು ಕೂಗಿದರು.

"ಇಟ್ಟಿದ್ದೀನಿ."

"ಬ್ರೇಕ್ ಮೇಲೇ ಇಟ್ಟಿದ್ದೀಯಾ?"

ದೀಪ ಆರಿತು. ಸಾಹೇಬರು ನನ್ನ ತೋಳು ಹಿಡಿದು, ಆರಿತು ನೋಡಿ, ನಾನು ಹೇಳಿರಲಿಲ್ಲವೇ, ನೋಡಿ, ಆರೇಹೋಯಿತು ಎಂದು ಸಂಭ್ರಮದಿಂದ ಹೇಳುತ್ತಿದ್ದರು. ಅವರು ಹೇಳಿ ಮುಗಿಸುವಷ್ಟರಲ್ಲಿ ಕಾರು, ಅದರ ಹಿಂದೆ ಟ್ರೇಲರು, ಅದರ ಮೇಲೆ ಮೆಷಿನ್ನುಗಳು, ಎಲ್ಲ ಬೀದಿಯ ಅರ್ಧ ದಾಟಿದ್ದವು. ತಿರುವಿನಲ್ಲಿ ಕೆಂಪು ದೀಪ ಹೊತ್ತಿತು, ಎಡದ್ದು ಮಿಣುಕಿತು, ಗಾಡಿ ಮರೆಯಾಯಿತು. ಪೊಲೀಸರು ಲೋಟದಲ್ಲಿ ಉಳಿದಿದ್ದ ಕಾಫಿ ಕುಡಿದು ಬೈಕು ಹತ್ತಿದರು.

ಅದೇ ಹೊತ್ತಿಗೆ ಬಜಾರಿನ ಕಡೆ ಹೋಗುವ ಬಸ್ಸು ಬೀದಿಯ ಕೊನೆಯಲ್ಲಿ ಬಂದು ನಿಂತಿತು. ಅವಳು ನಿಜವಾಗಿ ಬಜಾರಿಗೇ ಹೋದಳೋ ಇಲ್ಲವೋ ನೋಡಬೇಕು, ನೀವೂ ಬನ್ನಿ, ಸಾಕ್ಷಿಗೆ ಬೇಕಾಗುತ್ತೆ ಎಂದು ಸಾಹೇಬರು ನನ್ನನ್ನು ಎಳೆದುಕೊಂಡು ಓಡಿದರು. ನನ್ನ ಅಂಗಡಿಯೂ ಆ ಕಡೆಯೇ; ತೆರೆಯುವ ಹೊತ್ತು ಆಗಲೇ ಮೀರಿತ್ತು. ಇಬ್ಬರೂ ಬಸ್ಸು ಹತ್ತಿದೆವು.

ಕಂಡಕ್ಟರ್ ಈ ದಾರಿಗೆ ಹೊಸಬ. ನಾನು ಟಿಕೆಟ್ ತೆಗೆದುಕೊಂಡೆ. ಸಾಹೇಬರು ಗತ್ತಿನಿಂದ, "ಸ್ಟಾಫ್," ಎಂದರು. ಕಂಡಕ್ಟರ್ ಅವರನ್ನು ಮೇಲಿಂದ ಕೆಳಗೆ ನೋಡಿದ. ಗ್ರೀಸಿನ ಬನಿಯನ್ನು, ಮೊಣಕೈಗೆ ಅಂಟಿದ ಕಪ್ಪು ಟೇಪು, ಕಾಲಲ್ಲಿ ಸ್ನಾನದ ಮನೆಯ ಚಪ್ಪಲಿ.

"ಯಾವ ಸ್ಟಾಫು?"

"ಚೆಕಿಂಗ್ ಇನ್‌ಸ್ಪೆಕ್ಟರ್."

ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರು. ಕಂಡಕ್ಟರ್ ಕಾರ್ಡು ಕೇಳಿದ. "ಅಂಗಿ ಜೇಬಲ್ಲಿದೆ. ಅಂಗಿ ಮನೇಲಿದೆ," ಎಂದು ಹೇಳುವಾಗ ಸಾಹೇಬರ ದನಿ ಸ್ವಲ್ಪ ಕುಗ್ಗಿತು. ಆ ಮಾತನ್ನು ಅವರು ದಿನವೂ ಬೇರೆಯವರ ಬಾಯಲ್ಲಿ ಕೇಳುವವರು. ಎಲ್ಲರೂ ಹೀಗೇ ಹೇಳುವುದು ಎಂದು ಕಂಡಕ್ಟರ್ ಸೀಟಿ ಕೈಗೆ ತೆಗೆದುಕೊಂಡ. ಸಾಹೇಬರು ಕಡೆಯ ಉಪಾಯವಾಗಿ ನನ್ನತ್ತ ಬೆರಳು ಮಾಡಿ, ಬೇಕಾದರೆ ಇವರನ್ನು ಕೇಳಿ ಎಂದರು.

ನಾನು ಕೆಟ್ಟವನಲ್ಲ. ಆದರೆ ಬೆಳಿಗ್ಗೆಯಿಂದ ಬೀದಿಯ ಮುಂದೆ ಕುರುಡನೂ ಸುಳ್ಳನೂ ಆಗಿದ್ದೆ. "ನನ್ನ ಮಾತು ಸಾಕ್ಷಿಗೆ ಬರಲ್ಲ ಕಂಡಕ್ಟರೇ," ಎಂದೆ. "ಹಾಗಂತ ಇವರೇ ತೀರ್ಪು ಕೊಟ್ಟಿದ್ದಾರೆ."

ಆಮೇಲೆ ಮನಸ್ಸು ತಡೆಯದೆ ಅವರ ಟಿಕೆಟ್ಟನ್ನು ನಾನೇ ತೆಗೆಯುತ್ತೇನೆ ಎಂದೆ. ಸಾಹೇಬರು ಬೇಡವೆಂದರು. ಟಿಕೆಟ್ ತೆಗೆದುಕೊಂಡರೆ ತಾವು ಚೆಕಿಂಗ್ ಅಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಂತೆ. ಬಜಾರಿನ ಸ್ಟಾಪಿನ ಎದುರೇ ನನ್ನ ಹೆಂಡತಿಯ ಅಂಗಡಿ, ಬಂದು ಅವಳನ್ನೇ ಕೇಳು ಎಂದು ಕಂಡಕ್ಟರಿಗೆ ಸವಾಲು ಹಾಕಿದರು. ಅವನೂ ಬಿಡುವವನಲ್ಲ. ಸ್ಟಾಪು ಬಂದ ಕೂಡಲೇ ಬಸ್ಸು ನಿಲ್ಲಿಸಿ, ಸಾಹೇಬರ ತೋಳು ಹಿಡಿದು ಇಳಿದ. ಕಿಟಕಿಗಳ ತುಂಬ ತಲೆಗಳು ಹೊರಬಂದವು.

ಅಂಗಡಿಯ ಮುಂದೆ ಕಾರು, ಟ್ರೇಲರು ಒಂದೇ ಗೆರೆಯಲ್ಲಿ ನಿಂತಿದ್ದವು. ಒಳಗೆ ಮೆಷಿನ್ ಓಡುತ್ತಿತ್ತು. ಭಾವಮೈದುನ ಬೆವರು ಒರೆಸಿಕೊಳ್ಳುತ್ತಾ ಮೂಲೆಯಲ್ಲಿ ನಿಂತಿದ್ದ. ಸ್ಟೂಲಿನ ಮೇಲೆ ಹೆಡ್‌ಮಿಸ್ಟ್ರೆಸ್ ಕೂತಿದ್ದರು. ಬಟ್ಟೆಯ ಗಂಟು ಇನ್ನೂ ಅವರ ಮಡಿಲಲ್ಲೇ ಇತ್ತು, ಎರಡು ಕೈಯೂ ಅದರ ಮೇಲಿದ್ದವು. ಪೊಲೀಸರು ಕಳ್ಳನನ್ನು ತರುವ ಹಾಗೆ ಕಂಡಕ್ಟರ್ ಸಾಹೇಬರನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ಆ ಕೈಗಳು ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದವು.

"ಅಮ್ಮಾ, ಇವರು ನಿಮ್ಮ ಯಜಮಾನರಂತೆ. ಬಸ್ಸಿನ ಚೆಕಿಂಗ್ ಅಂತ ಬೇರೆ ಹೇಳ್ತಾರೆ. ಟಿಕೆಟ್ ಇಲ್ಲ, ಕಾರ್ಡೂ ಇಲ್ಲ. ನಿಜಾನಾ?"

ಮೆಷಿನ್ ನಿಂತಿತು. ಎಲ್ಲರೂ ಟೈಲರಮ್ಮನ ಮುಖ ನೋಡಿದರು, ಸಾಹೇಬರೂ ನೋಡಿದರು. ಯಾರ ಮಾತನ್ನೂ ಯಾವತ್ತೂ ನಂಬದ ಆ ಮನುಷ್ಯನ ಕೈಯಲ್ಲಿ ಈಗ ಹೆಂಡತಿಯ ಒಂದು ಮಾತು ಬಿಟ್ಟು ಬೇರೆ ಏನೂ ಇರಲಿಲ್ಲ. ಆಕೆ ಗೊತ್ತಿಲ್ಲ ಎಂದಿದ್ದರೂ ನಾನು ಆಕೆಯನ್ನು ದೂರುತ್ತಿರಲಿಲ್ಲ. ಆದರೂ ಹೇಳಬೇಕು, ಆಕೆ ಹೌದು ಎನ್ನಲಿ ಎಂದು ಆ ಕ್ಷಣ ನಾನೂ ಬಯಸಿದೆ.

"ಹೌದಪ್ಪ. ನಮ್ಮನೆಯವರೇ," ಎಂದರು ಟೈಲರಮ್ಮ. "ಚೆಕಿಂಗ್ ಅನ್ನೋದೂ ನಿಜ."

"ನೀವು ಹೇಳಿದ್ರಲ್ಲಮ್ಮ, ಅಷ್ಟು ಸಾಕು," ಎಂದ ಕಂಡಕ್ಟರ್. ಸಾಹೇಬರ ತೋಳು ಬಿಟ್ಟು, ನೆಟ್ಟಗೆ ನಿಂತು ಒಂದು ಸೆಲ್ಯೂಟ್ ಹೊಡೆದು ಹೋದ. ಬಸ್ಸು ಹೊರಟಿತು. ಹೆಡ್‌ಮಿಸ್ಟ್ರೆಸ್ ಸ್ವಲ್ಪ ಹೊತ್ತು ಟೈಲರಮ್ಮನನ್ನೇ ನೋಡಿ, ಮಡಿಲಿನ ಗಂಟನ್ನು ಎತ್ತಿ ಕತ್ತರಿಸುವ ಮೇಜಿನ ಮೇಲಿಟ್ಟರು. ಮಕ್ಕಳ ಅಳತೆಗೆ ನಾಳೆಯೇ ಶಾಲೆಗೆ ಬನ್ನಿ ಎಂದು ಹೇಳಿ ಎದ್ದರು.

ಸಾಹೇಬರು ಖಾಲಿಯಾದ ಸ್ಟೂಲಿನ ಮೇಲೆ ಕೂತರು. ಮೊಣಕೈಗೆ ಅಂಟಿದ್ದ ಕಪ್ಪು ಟೇಪನ್ನು ಮೆಲ್ಲಗೆ ಸುಲಿದರು. ಮನುಷ್ಯ ಕರಗಿದ, ಇನ್ನು ಹೆಂಡತಿಗೆ ಏನೋ ಒಂದು ಒಳ್ಳೆಯ ಮಾತು ಹೇಳುತ್ತಾನೆ ಎಂದು ನಾನು ಭಾವಮೈದುನನ ಮುಖ ನೋಡಿದೆ. ಅವನಿಗೂ ಹಾಗೇ ಅನ್ನಿಸಿತ್ತು. ಕೊನೆಗೆ ಸಾಹೇಬರು ತಲೆಯೆತ್ತಿದರು.

"ಆ ಕಂಡಕ್ಟರನ್ನ ನೋಡಿದ್ರಾ?" ಎಂದರು. "ಟಿಕೆಟ್ ಇಲ್ಲದವನನ್ನ ಹಿಡಿದು, ಒಬ್ಬರು ಬಾಯಲ್ಲಿ ಹೇಳಿದ್ದು ಕೇಳಿ ಹಾಗೇ ಬಿಟ್ಟುಬಿಟ್ಟ. ನಾಳೆ ಆಫೀಸಿಗೆ ಹೋಗಿ ಅವನ ಮೇಲೆ ರಿಪೋರ್ಟ್ ಹಾಕ್ತೀನಿ."

"ಹಾಕ್ರೀ," ಎಂದರು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತಾ. "ಸಾಕ್ಷಿಗೆ ನನ್ನ ಹೆಸರೇ ಕೊಡಿ."

ಮತ್ತೆ ಮೆಷಿನ್ ತುಳಿಯತೊಡಗಿದರು.